ಒಳ್ಳೆ ಕೇಸು

ಯಮನಪ್ಪನ ಮೂಗಿನ ಆಕ್ಸಿಜನ್ ನಳಿಗೆಯನ್ನು ಬೆಳಗ್ಗೆಯೇ ತೆಗೆದಿಟ್ಟಿದ್ದರು. ಅಂದು ಫಿಸಿಯೋಥೆರಪಿ ವಿದ್ಯಾರ್ಥಿಗಳ ಪ್ರಾಕ್ಟಿಕಲ್ ಪರೀಕ್ಷೆ ಇತ್ತು.

ಇದು ಶೈಲಶ್ರೀಗೆ ಗೊತ್ತಿರಲಿಲ್ಲ. ಪೀಣ್ಯದಲ್ಲಿ ಮೆಟ್ರೋ ಕಂಬಗಳು ಏಳುತ್ತಿದ್ದ ಕಾಲ. ಅಲ್ಲಿನ ಖಾಸಗಿ ಆಸ್ಪತ್ರೆಯೊಂದರ ವಾರ್ಡಿನ ಬಾಗಿಲಲ್ಲಿ, ತನಗೆ ಯಾವ ಮಂಚ ಬರುತ್ತದೋ ಎಂದು ಅವಳು ಕೊನೆಯ ವರ್ಷದ ಉಳಿದವರ ಜೊತೆ ಬೆವರುತ್ತ ನಿಂತಿದ್ದಳು. ಪರೀಕ್ಷೆಯ ದಿನ ರೋಗಿಗಳಿಗೆ ಹೆಸರಿರುವುದಿಲ್ಲ. ಒಳ್ಳೆ ಕೇಸು, ಕೆಟ್ಟ ಕೇಸು, ಅಷ್ಟೆ.

ಪರೀಕ್ಷೆ ಮುಗಿಸಿ ಹೊರಬಂದ ಸಹಪಾಠಿ ರುದ್ರೇಶ್ ಕಣ್ಣು ಹೊಡೆದ. "ಕಿಟಕಿ ಪಕ್ಕದ ಮಂಚ ನಿಂಗೇನಾ? ಸಕ್ಕತ್ ಲಕ್ ಕಣೇ! ಪುಸ್ತಕದಲ್ಲಿರೋದೆಲ್ಲ ಎದೆ ಮೇಲೆ ಬರ್ಕೊಂಡ್ ಕೂತವ್ನೆ. ಕಣ್ಣಿದ್ರೆ ಪಾಸು."

ಕಿಟಕಿ ಪಕ್ಕದ ಮಂಚದಲ್ಲಿ ನಿಜಕ್ಕೂ ಹಾಗೆಯೇ ಕೂತಿದ್ದ ಯಮನಪ್ಪ. ಎರಡೂ ಕೈ ಮಂಡಿಗೆ ಊರಿ, ಮುಂದಕ್ಕೆ ಬಾಗಿ. ಉಸಿರೆಳೆದಾಗಲೆಲ್ಲ ಕತ್ತಿನ ಸ್ನಾಯು ಬಾವಿಹಗ್ಗದಂತೆ ಬಿಗಿಯುತ್ತಿತ್ತು, ಪಕ್ಕೆಲುಬುಗಳ ನಡುವೆ ಚರ್ಮ ಒಳಕ್ಕೆ ಕುಸಿಯುತ್ತಿತ್ತು. ಒಂದೊಂದೂ ಲಕ್ಷಣ, ಒಂದೊಂದಕ್ಕೂ ಅಂಕ. ಶೈಲಶ್ರೀಗೆ ಖುಷಿಯೇ ಆಯಿತು.

"ಏನ್ ಕೆಲಸ ಮಾಡ್ತಿದ್ರಿ ಅಣ್ಣಾ?"

ಉತ್ತರ ಕೊಡಲು ಅವನಲ್ಲಿ ಗಾಳಿಯಿರಲಿಲ್ಲ. ಮಂಚದ ಕಾಲ್ದೆಸೆಯಲ್ಲಿದ್ದ ಹೆಂಡತಿ ಮರೆವ್ವ ಹೇಳಿದಳು: "ಕಬ್ಬಿಣಕ್ಕ ಮರಳು ಊದೂ ಕೆಲ್ಸರೀ ಯವ್ವಾ, ಇಲ್ಲೇ ಫ್ಯಾಕ್ಟರಿಯಾಗ. ತುಕ್ಕು ಹೋಗ್ತೈತಂತ. ತುಕ್ಕೂ ಹೋತು, ಇವನ ಎದಿಯೂ ಹೋತು. ಮಾರಿಗೆ ಕಟ್ಟಿಕೊಳ್ಳಾಕ ಮಾಲಕ ಏನೂ ಕೊಡ್ಲಿಲ್ಲ. ನನ್ನ ಹಳೇ ಸೀರಿ ಚೂರೇ ಗತಿ."

ಶೈಲಶ್ರೀ ಅವನ ಬೆನ್ನಿಗೆ ಎರಡೂ ಅಂಗೈ ಹಚ್ಚಿ, ಹೆಬ್ಬೆರಳುಗಳನ್ನು ಬೆನ್ನುಮೂಳೆಯ ಬಳಿ ಸೇರಿಸಿದಳು. ಎದೆ ಹಿಗ್ಗಿದರೆ ಹೆಬ್ಬೆರಳು ದೂರ ಸರಿಯಬೇಕು.

"ಜೋರಾಗಿ ಉಸಿರೆಳ್ಕೊಳ್ಳಿ."

ಅವನು ಮೈಯೆಲ್ಲ ಸೇರಿಸಿ ಎಳೆದ. ಹೆಬ್ಬೆರಳು ಅಲ್ಲಾಡಲಿಲ್ಲ. ಬಗ್ಗಿ ಮುಖ ನೋಡಿದಳು. ತುಟಿ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತ್ತು. ತೊಂಬತ್ತೈದರ ಮೇಲಿರಬೇಕಾದ ರಕ್ತದ ಆಕ್ಸಿಜನ್ನನ್ನು ಬೆರಳಿಗೆ ಸಿಕ್ಕಿಸಿದ್ದ ಪುಟ್ಟ ಯಂತ್ರ ಎಂಬತ್ತಕ್ಕೂ ಕೆಳಗೆ ತೋರಿಸುತ್ತಿತ್ತು. ತಲೆಯ ಮೇಲೆ, ಗೋಡೆಯ ಮೊಳೆಗೆ, ಆಕ್ಸಿಜನ್ ನಳಿಗೆ ಸುರುಳಿ ಸುತ್ತಿ ನೇತಾಡುತ್ತಿತ್ತು.

"ಇದನ್ನ ಯಾಕೆ ತೆಗೆದ್ರು?"

"ನಳಿಗಿ ಹಾಕಿದ್ರ ದಮ್ಮು ಕಡಿಮಿ ಆಗ್ತೈತಿ, ಹುಡುಗರಿಗೆ ಸರಿಯಾಗಿ ಕಾಣೂದಿಲ್ಲಂತ. ಪರೀಕ್ಷಾ ಮುಗಿಯೂತನಕ ಸುಮ್ನಿರು ಅಂದ್ರು ಕಾಲೇಜಿನ ಸಾಹೇಬ್ರು. ನೀವು ಕಲ್ತ್ರ ಇವಗೂ ಛಲೋ ಆದೀತು ಅಂತ ನಾನೂ ಸುಮ್ನಾದೆ." ಮರೆವ್ವ ಆಸೆಯಿಂದ ಅವಳ ಮುಖ ನೋಡಿದಳು. "ಈಗ ನಿಮಗ ಛಲೋ ಕಾಣಾಕತ್ತೈತೇನ್ರೀ?"

ಶೈಲಶ್ರೀಯ ಕೈ ಅವನ ಬೆನ್ನಿನ ಮೇಲೆಯೇ ಮರಗಟ್ಟಿತು. ಇಷ್ಟೊತ್ತು ತಾನು ಅಂಕವೆಂದು ಎಣಿಸಿದ್ದು ಇದನ್ನೇ. ಕಾರ್ಖಾನೆ ಅವನ ಎದೆ ತಿಂದಿತ್ತು. ಉಳಿದ ಚೂರುಪಾರು ಉಸಿರನ್ನು ಕಾಲೇಜು ಕಿತ್ತು, ಪಾಠಕ್ಕೆಂದು ಹರವಿಟ್ಟಿತ್ತು. ಅವಳು ಅದನ್ನು ನೋಡಿ ಹಿಗ್ಗಿದ್ದಳು.

"ಏನಮ್ಮ, ಕಲ್ಲಾಗ್ಬಿಟ್ಟೆ?" ಪರೀಕ್ಷಕ ಪ್ರೊಫೆಸರ್ ಪಂಚಾಕ್ಷರಿ ಹಿಂದೆ ಬಂದು ನಿಂತಿದ್ದರು. "ಎದೆ ನೋಡಿದ್ದಾಯ್ತಲ್ಲ. ಕಾರಿಡಾರಲ್ಲಿ ನಡೆಸು. ಆಕ್ಸಿಜನ್ ಎಲ್ಲಿಗೆ ಇಳಿಯತ್ತೆ ನೋಡಿ ಹೇಳು."

"ಸಾರ್, ಕೂತಲ್ಲೇ ಎಂಬತ್ತಕ್ಕಿಂತ ಕೆಳಗಿದೆ. ಮೊದಲು ನಳಿಗೆ ಹಾಕ್ಬೇಕು."

"ಹಾಕೋಣ, ಹಾಕೋಣ. ನಿನ್ನ ಹಿಂದೆ ಇನ್ನೂ ಹುಡುಗ್ರು ಕಾಯ್ತಿದಾರೆ. ಇಂಥ ಕೇಸು ದಿನಾ ಸಿಗಲ್ಲ ಕಣಮ್ಮ. ಎಬ್ಬಿಸು."

ಮೇಲಿನವರು ಹೇಳಿದ್ದನ್ನು ಜನ್ಮದಲ್ಲಿ ಮೀರಿದವನಲ್ಲ ಯಮನಪ್ಪ. ಮಂಚದ ಕೆಳಗೆ ಕಾಲಿನಿಂದ ಚಪ್ಪಲಿ ತಡಕಾಡಿದ. "ನಡೀ... ತೀನ್ರೀ... ಸಾಹೇಬ್ರ..."

ಶೈಲಶ್ರೀ ಅವನ ಹೆಗಲು ಹಿಡಿದು ಕೂರಿಸಿದಳು. ಗೋಡೆಯ ನಳಿಗೆ ಎಳೆದು ಅವನ ಮೂಗಿಗೆ ಸಿಕ್ಕಿಸಿ, ಆಕ್ಸಿಜನ್ ಬಿಡುವ ಗುಬುಟು ತಿರುಗಿಸಿದಳು.

"ಯಾರನ್ನ ಕೇಳಿ ಹಾಕ್ದೆ? ತೆಗಿ ಅದನ್ನ! ಫೇಲ್ ಆಗ್ತೀಯ, ವರ್ಷ ಹೋಗತ್ತೆ, ಗೊತ್ತಾ?"

ಬಾಗಿಲಲ್ಲಿ ರುದ್ರೇಶ್ ಬಾಯಿ ಕಳೆದು ನಿಂತಿದ್ದ.

"ತೆಗೆಯಲ್ಲ ಸಾರ್," ಎಂದು ಶೈಲಶ್ರೀ ಗುಬುಟಿಗೆ ಅಡ್ಡ ನಿಂತಳು. "ಬೇರೆಯವ್ರು ತೆಗೆಯೋಕೂ ಬಿಡಲ್ಲ."