ಗಂಗುಲಮ್ಮ ಗುರುತಿಟ್ಟ ಕೊಂಬೆ

ಕೊಡಲಿಯ ಮೊದಲ ಏಟು ಮಾವಿನ ಬುಡಕ್ಕೆ ಬಿದ್ದ ಸದ್ದು ಕೇಳಿ, ಅಂಗಳದಲ್ಲಿ ಅಜ್ಜಿಯ ಹೆಣದ ಪಕ್ಕ ಕೂತಿದ್ದ ತನುಜ ಎದ್ದು ತೋಟಕ್ಕೆ ಓಡಿದಳು. ಎರಡನೆಯ ಏಟಿಗೆ ಎತ್ತಿದ್ದ ಕೊಡಲಿಯ ಕೆಳಗೆ, ಮರಕ್ಕೆ ಬೆನ್ನು ಕೊಟ್ಟು ನಿಂತುಬಿಟ್ಟಳು.

ಚಿಕ್ಕಪ್ಪ ಬಯ್ಯಪ್ಪ ಕೊಡಲಿ ಇಳಿಸಲಿಲ್ಲ.

"ಪಕ್ಕಕ್ಕೆ ಬಾರಮ್ಮ. ನಮ್ಮವ್ವನ ಚಿತೆಗೆ ನಮ್ಮ ಮಾವೇ ಆಗ್ಬೇಕು. ಮನೆ ಪದ್ಧತಿ."

"ಪದ್ಧತಿಗೆ ಒಂದು ಹಸಿ ಕೊಂಬೆ ಸಾಕು ಚಿಕ್ಕಪ್ಪ. ಬುಡ ಯಾಕೆ ಬೇಕು ನಿಂಗೆ?"

ಯಾಕೆಂಬುದು ಕಳವಾರ ಊರಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಬೆಟ್ಟದ ತಪ್ಪಲಿನ ಆ ಕಾಫಿ ತೋಟವನ್ನು ಬೇಲಿಯೊಂದು ಎರಡು ಮಾಡಿತ್ತು. ಬಯ್ಯಪ್ಪ ತನ್ನ ಪಾಲಿನ ಮರಗಳನ್ನೆಲ್ಲ ಉರುಳಿಸಿ, ಬಯಲಲ್ಲಿ ಒತ್ತೊತ್ತಾಗಿ ಗಿಡ ನೆಟ್ಟು ನೀರಿಗೆ ಡ್ರಿಪ್ ಪೈಪು ಎಳೆದಿದ್ದ. ಮೊದಲ ಫಸಲು ಗೊಂಚಲುಗೊಂಚಲಾಗಿ ಬಂದಾಗ ಊರೇ ನೋಡಿ ಹೋಗಿತ್ತು. ಈಗ ನೆರಳಿಲ್ಲದೆ ಗಿಡಗಳ ಎಲೆಗಳು ಕಂದುತ್ತಿದ್ದವು. ಅವನ ಸಿಟ್ಟೆಲ್ಲ ಬೇಲಿಯಾಚೆಯ ಮಾವಿನ ಮೇಲೆ. ಅದರ ನೆರಳಿಗೇ ಬೇಲಿ ಪಕ್ಕದ ತನ್ನ ಸಾಲು ಕಾಯಿ ಕಟ್ಟುತ್ತಿಲ್ಲವೆಂದು. ತಾಯಿ ಗಂಗುಲಮ್ಮನ ಪಾಲಿನಲ್ಲಿ ಮಾವು, ಹಲಸು, ಹೊಂಗೆಯ ಅಡಿಯಲ್ಲಿ ಕಾಯಿ ಕಡಿಮೆಯೇ, ಆದರೆ ಯಾವ ವರ್ಷವೂ ತಪ್ಪಿರಲಿಲ್ಲ. ಇನ್ನು ಅದು ತಂದೆಯಿಲ್ಲದ ತನುಜಳದು. ಮಾವು ಹೋದರೆ ಅದರಡಿಯ ಗಿಡಗಳು ಒಂದು ಬೇಸಿಗೆ ತಾಳವು.

ಹೊತ್ತಾಯಿತೆಂದು ಕರೆಯಲು ಬಂದ ಊರ ಹಿರಿಯ ವೆಂಕಟರವಣಪ್ಪ ತಲೆಯೆತ್ತಿ ನೋಡಿದರು. ಕೊಂಬೆಯೊಂದಕ್ಕೆ ಹಸಿರು ಸೀರೆಯಂಚು ಸುತ್ತಿತ್ತು. ಹರಕೆ ಕಟ್ಟಿದ ಮರ, ಮುಟ್ಟಬೇಡ ಎಂದರು.

"ಹರಕೆ ಅಲ್ಲ ತಾತ," ಎಂದಳು ತನುಜ.

*

ಬೇಸಿಗೆ ಮುಗಿಯುವ ಹೊತ್ತಿಗೆ ಗಂಗುಲಮ್ಮ ಮರದಡಿ ಅಂಗಾತ ಮಲಗುವಳು. ಎಲೆಗಳ ಸಂದಿಯಲ್ಲಿ ಆಕಾಶ ಎಷ್ಟು ಕಾಣುತ್ತದೆಂದು ನೋಡಿ, ಮಳೆಗೆ ಮುಂಚೆ ಸವರಬೇಕಾದ ಕೊಂಬೆಗೆ ಸೀರೆಯಂಚು ಕಟ್ಟಿಸುವಳು. ಮರ ಹತ್ತುವವಳು ತನುಜ. ಕೆಳಗಿನಿಂದ ಕತೆ ಹೇಳುವವಳು ಅಜ್ಜಿ.

"ಬಿಸಿಲು ಅಳಿಯ ಇದ್ದಂಗೆ ಕಣೇ. ಬರ್ಲೇಬೇಡ ಅಂದ್ರೆ ಮಗಳು ಬಾಡ್ತಾಳೆ. ಬಂದು ಇಲ್ಲೇ ಕೂತ್ಕೊಂಡ್ರೆ ನಾವು ಬಾಡ್ತೀವಿ."

ಈ ಸಲ ಅವಳು ಬೇಲಿಯ ಕಡೆಗೆ ಚಾಚಿದ ಕೊಂಬೆಗೆ ಕೈ ತೋರಿಸಿದ್ದಳು.

*

ತನುಜ ಸೊಂಟಕ್ಕೆ ಮಚ್ಚು ಸಿಕ್ಕಿಸಿಕೊಂಡು ಹತ್ತಿದಳು. ಮಚ್ಚಿನ ಏಟಿಗೆ ಸೀರೆಯಂಚಿನ ಕೊಂಬೆ ಮುರಿದು ಬೇಲಿಯ ಮೇಲೆ ಬಿತ್ತು. ಬಯ್ಯಪ್ಪನ ಸಾಲಿನ ಮೇಲೆ ಬೆಳಕು ಹರಡಿತು.

"ಇದನ್ನ ಸವರು ಅಂದಿದ್ದು ಅಜ್ಜೀನೇ. ನಿನ್ನ ಸಾಲಿಗೂ ಒಂಚೂರು ಬೆಳಕು ಬೀಳ್ಲಿ ಅಂತ, ಚಿಕ್ಕಪ್ಪ," ಎಂದಳು ಮರದ ಮೇಲಿಂದ.

ಬಯ್ಯಪ್ಪನ ಕೊಡಲಿ ನೆಲಕ್ಕಿಳಿಯಿತು. ಅವನು ಕೊಂಬೆಯ ಬಳಿ ಕುಕ್ಕರಗಾಲಲ್ಲಿ ಕೂತು ಸೀರೆಯಂಚಿನ ಗಂಟು ಬಿಚ್ಚತೊಡಗಿದ. ಬಿಗಿಯಾಗಿತ್ತು. ಕೊನೆಗೆ ಹಲ್ಲು ಹಾಕಿದ.

ಹೋದ ವರ್ಷ ಗಂಗುಲಮ್ಮ ಸವರಿಸಿ ಒಟ್ಟಿಸಿದ್ದ ಒಣ ಸೌದೆಯ ಮೇಲೆ ಆ ಕೊಂಬೆಯನ್ನಿಟ್ಟು, ತೋಟದಲ್ಲೇ ಚಿತೆಗೆ ಬೆಂಕಿ ಕೊಟ್ಟರು. ಬಂದವರೆಲ್ಲ ಒಬ್ಬೊಬ್ಬರಾಗಿ ಮಾವಿನ ನೆರಳಿಗೆ ಸರಿದರು.

ಬಯ್ಯಪ್ಪ ಮಾತ್ರ ಮಿಂದ ಒದ್ದೆ ಪಂಚೆಯಲ್ಲೇ ತನ್ನ ಪಾಲಿಗೆ ನಡೆದ. ಸೀರೆಯಂಚು ಕೈಯಲ್ಲಿತ್ತು. ಅದನ್ನು ಕಟ್ಟಲು ಕೊಂಬೆ ಹುಡುಕುವವನಂತೆ ಅವನು ಸೊಂಟದೆತ್ತರದ ಗಿಡಗಳ ನಡುವೆ ಸಾಲಿನಿಂದ ಸಾಲಿಗೆ ಹೋಗುವುದನ್ನು ತನುಜ ನೆರಳಿನಿಂದ ನೋಡುತ್ತಿದ್ದಳು. ತೋಟದ ಕೊನೆಯವರೆಗೂ ಹೋಗಿ ತಿರುಗಿ ಬಂದ. ಪಂಚೆ ಬಿಸಿಲಿಗೆ ಆಗಲೇ ಒಣಗಿತ್ತು. ಅಂಚು ಇನ್ನೂ ಮುಷ್ಟಿಯಲ್ಲೇ ಇತ್ತು.