ಜಪದ ಹೊತ್ತಿನ ಎದೆಬಡಿತ

ಮಂಡ್ಯದ ಅರ್ಚಕ ಕಸ್ತೂರಿರಂಗರಿಗೆ ಬೆಳಗಿನ ಜಪಕ್ಕೆ ಕೂತಾಗಲೇ ಎದೆ ಡವಗುಟ್ಟುತ್ತಿತ್ತು. ಡಾಕ್ಟರು ಎದೆಗೆ ಪಟ್ಟಿ ಅಂಟಿಸಿ, ವೈರು ಜೋಡಿಸಿ, ಎದೆಬಡಿತ ದಾಖಲಿಸುವ ಪುಟ್ಟ ಪೆಟ್ಟಿಗೆಯನ್ನು ಸೊಂಟಕ್ಕೆ ಕಟ್ಟಿ, "ಎರಡು ದಿನ ತೆಗೆಯಬೇಡಿ" ಎಂದಿದ್ದರು. ಮಡಿಗೆ ಬರುವುದಿಲ್ಲವೆಂದು ಹೆಂಡತಿ ತಿರುಮಲಮ್ಮ ಎರಡು ದಿನವೂ ಜಪದ ಹೊತ್ತಿಗೆ ಅದನ್ನು ಬಿಚ್ಚಿಟ್ಟರು. ದಾಖಲೆಯ ನಡುವೆ ಯಾಕೆ ಖಾಲಿಯಿದೆ ಎಂದು ಡಾಕ್ಟರು ಕೇಳಿದಾಗ, "ವೈರು ಸಡಿಲವಾಗಿರಬೇಕು" ಎಂದು ಆಕೆಯೇ ಹೇಳಿಬಿಟ್ಟರು. ಉಳಿದ ದಾಖಲೆಯಲ್ಲಿ ದೋಷ ಕಾಣಲಿಲ್ಲ. ಹದಿನೈದನೆಯ ದಿನ ಕಸ್ತೂರಿರಂಗರು ಜಪದ ಮಣೆಯ ಮೇಲೆಯೇ ಒರಗಿಹೋದರು.

ವರ್ಷ ತುಂಬುವ ಮೊದಲೇ ಅದೇ ಮಣೆಯ ಮೇಲೆ ಮಗ ಸುಧೀಂದ್ರನಿಗೂ ಎದೆ ಡವಗುಟ್ಟತೊಡಗಿತು.

"ಪಟ್ಟಿಗಿಟ್ಟಿ ಬೇಡ. ಅಪ್ಪ ಹಾಕಿಕೊಂಡು ಏನು ಸಿಕ್ಕಿತು? ಸುಮ್ಮನೆ ಮಡಿ ನಾನ್ಯಾಕೆ ಕೆಡಿಸಲಿ?" ಎಂದ.

ತಿರುಮಲಮ್ಮ ಗುರುತಿನ ನರ್ಸೊಬ್ಬರಿಗೆ ಹೇಳಿಕಳಿಸಿದರು.

ಕೊತ್ತತ್ತಿಯ ನರ್ಸು ಚಲುವಮ್ಮ ಅಂಗೈಯಗಲದ ಡಬ್ಬಿಯೊಂದನ್ನು ತಂದರು. ಅವರ ಆಸ್ಪತ್ರೆಯಲ್ಲಿ ಅದನ್ನು ಇನ್ನೂ ಪರೀಕ್ಷಿಸಿ ನೋಡುತ್ತಿದ್ದರು.

"ಅಮ್ಮಾವ್ರೆ, ಇದ್ನ ರೇಡಾರು ಅಂತಾರೆ. ಮೈ ಮುಟ್ಟಾಕಿಲ್ಲ. ಎದುರ್ಗೆ ಇಟ್ರೆ ಸಾಕು."

"ಮುಟ್ಟದೆ ಎದೆಬಡಿತ ತಿಳಿಯೋಕೆ ಅದೇನು ದೇವರೇನಮ್ಮ?"

"ದೇವ್ರಲ್ಲ ಬುಡಿ, ಡಬ್ಬಿ. ಗುಂಡಿಗೆ ಬಡ್ಕಂಡಾಗ ಎದೆ ಒಂದ್ ಕೂದ್ಲಷ್ಟು ಅಲುಗ್ತದೆ. ಇದ್ರಿಂದ ಓಗೋ ಅಲೆ ಎದೆಗೆ ತಾಕಿ ವಾಪಸ್ ಬಂದು ಆ ಅಲುಗಾಟ ತೋರುಸ್ತದೆ."

"ಅಲೆ ತಾಕಿದರೆ ಮಡಿ ಹೋಗಲ್ವೆ?"

"ಮೊಬೈಲ್ ಅಲೆ ನಿಮ್ ದೇವ್ರ ಮನೇಲೂ ಓಡಾಡ್ತದೆ. ಅದ್ಕೆ ಮಡಿ ಉಡ್ಸಿದ್ದೀರಾ? ಆದ್ರೆ ಇವ್ರು ಕದಲ್ದಂಗೆ ಕೂತ್ಕಬೇಕು."

"ಜಪದಲ್ಲಿ ಅವನು ಕದಲೋದಿಲ್ಲ" ಎಂದರು ತಿರುಮಲಮ್ಮ. "ಅವರೂ ಕದಲ್ತಿರಲಿಲ್ಲ."

ಡಬ್ಬಿಯನ್ನು ಮಣೆಯೆದುರು ಇಟ್ಟ ಮೂರನೆಯ ಬೆಳಿಗ್ಗೆ ಅದರ ಪರದೆಯ ಮೇಲಿನ ಗೆರೆ ತಾಳ ತಪ್ಪಿತು.

"ಇದು ಸುಳಿವು ಕೊಡ್ತದೆ ಅಷ್ಟೇಯ. ಖಾತ್ರಿಗೆ ವೈರೇ ಬೇಕು" ಎಂದರು ಚಲುವಮ್ಮ.

ಸುಧೀಂದ್ರ ತಾಯಿಯ ಮುಖ ನೋಡಿದ.

"ಹಾಕಿಸ್ಕೊ" ಎಂದರು ತಿರುಮಲಮ್ಮ. "ನಿಮ್ಮಪ್ಪನ ವೈರು ಸಡಿಲವಾಗಿರಲಿಲ್ಲ. ನಾನೇ ಬಿಚ್ಚಿಟ್ಟಿದ್ದೆ."

ಮಗ ಅಂಗಿ ತೊಟ್ಟು ಚಲುವಮ್ಮನ ಹಿಂದೆ ಹೊರಟ. ಮರುದಿನ ವೈರು ಹಾಕಿಕೊಂಡೇ ಜಪಕ್ಕೆ ಕೂತ. ದೋಷ ಗೊತ್ತಾಗಿ ಔಷಧ ಶುರುವಾಯಿತು. ತಾಯಿಯೊಡನೆ ಮಾತು ಮಾತ್ರ ಇನ್ನೂ ಶುರುವಾಗಿಲ್ಲ.

ಇದನ್ನು ಓದುವ ತಾಯಂದಿರೇ, ಅಣ್ಣತಮ್ಮಂದಿರೇ, ಎದೆ ಡವಗುಟ್ಟಿದರೆ ಡಾಕ್ಟರಿಗೆ ತೋರಿಸಿ. ಎದೆನೋವು ಬಂದರೆ ಯಾವ ಡಬ್ಬಿಗೂ ಕಾಯದೆ 108ಕ್ಕೆ ಕರೆ ಮಾಡಿ. ಮುಟ್ಟದೆ ನೋಡುವ ಸಾಧನ ನಿಮ್ಮ ಆಸ್ಪತ್ರೆಗೆ ಬಂದಿದ್ದರೆ ಹೆದರದೆ ಕೇಳಿ. ಅಂಟಿಸಿದ ಪಟ್ಟಿಯನ್ನು ತೆಗೆಯಬೇಡಿ. ತೆಗೆದಿದ್ದರೆ ತೆಗೆದೆವೆಂದೇ ಹೇಳಿ. ಮಡಿ ತಪ್ಪಿದ್ದನ್ನು ದೇವರು ಮನ್ನಿಸುತ್ತಾನೆ. ಹೋದ ಜೀವವನ್ನು ತಿರುಗಿ ಕೊಡುವುದಿಲ್ಲ.