ಕಾಮಿಲನ ಹೊಲಕ್ಕಿಳಿದ ಹೇಜಲ್ ತೋಟ

ಆ ವರ್ಷ ಹಿಮ ಕರಗುವ ಹೊತ್ತಿಗೇ ಮಳೆಯೂ ಹಿಡಿಯಿತು. ಒಂದು ಬೆಳಿಗ್ಗೆ ಎದ್ದು ನೋಡಿದರೆ ನಮ್ಮ ಮನೆ ಮುಂದಿನ ಹೇಜಲ್ ಕಾಯಿಯ ತೋಟ ಕೆಳಗಿನ ಕಾಮಿಲನ ಹೊಲದಲ್ಲಿತ್ತು. ಕುಸಿದುಬಿತ್ತು ಎಂದರೆ ಪೂರ್ತಿ ಸರಿಯಾಗುವುದಿಲ್ಲ. ಮೇಲಿನ ಅರ್ಧ ಕೆಸರಾಗಿ ಹರಿದಿತ್ತು. ಕೆಳಗಿನ ಅರ್ಧ ಮಾತ್ರ ಪೊದೆಗಳ ಸಮೇತ, ಬಸ್ಸಿನಲ್ಲಿ ಪಯಣಿಸಿ ಇಳಿದವರ ಹಾಗೆ, ನಿಂತ ನಿಲುವಿನಲ್ಲೇ ಹೋಗಿ ಹಳ್ಳದ ಪಕ್ಕ ನೆಲೆಯಾಗಿತ್ತು. ಕೊಂಬೆಗಳಲ್ಲಿ ಹಳದಿ ಹೂಗೊಂಚಲುಗಳು ಇನ್ನೂ ತೂಗುತ್ತಿದ್ದವು. ಮನೆ ಉಳಿಯಿತಲ್ಲ, ಯಾರ ಜೀವವೂ ಹೋಗಲಿಲ್ಲವಲ್ಲ, ದೇವರು ದೊಡ್ಡವನು ಎಂದು ಊರಿನವರು ಬಂದು ಹೇಳಿ, ಚಹಾ ಕುಡಿದು ಹೋದರು. ನನಗೆ ಮೈಯೆಲ್ಲ ಉರಿಯಿತು. ಆ ತೋಟದಲ್ಲಿ ನಮ್ಮ ಸೆದಾತ್ ಮಲಗಿದ್ದ.

ಸತ್ತವರನ್ನು ನಾವು ದೂರ ಒಯ್ಯುವವರಲ್ಲ. ಮನೆ ಮುಂದಿನ ತೋಟದಲ್ಲೇ ಮಣ್ಣು ಮಾಡುತ್ತೇವೆ, ಬಟ್ಟೆ ಒಣಹಾಕುವಾಗ ಕಣ್ಣಿಗೆ ಬೀಳುತ್ತಿರಬೇಕು. ಅತ್ತೆ ಮಾವ ಅಲ್ಲೇ ಇದ್ದರು. ಅವರ ಪಕ್ಕದಲ್ಲಿ ಸೆದಾತ್, ನನ್ನ ವಾರಗಿತ್ತಿ ನಜ್ಮಿಯೆಯ ಒಬ್ಬನೇ ಮಗ. ಆರು ವರ್ಷದ ಹಿಂದೆ ಚಳಿಗಾಲದಲ್ಲಿ ಹಮ್ಸಿ ಮೀನಿನ ದೋಣಿಗೆ ಹೋದವನು ದೋಣಿಯೊಂದಿಗೇ ಮುಳುಗಿದ. ನಜ್ಮಿಯೆ ಕಡಲ ದಂಡೆಗೆ ಹೋಗಿ ಕೂತುಬಿಟ್ಟಳು. ಊಟವಿಲ್ಲ, ನಿದ್ದೆಯಿಲ್ಲ, ತಲೆಗೆ ಕಟ್ಟಿದ ಬಟ್ಟೆ ಜಾರಿದರೂ ಗೊತ್ತಾಗುತ್ತಿರಲಿಲ್ಲ. ನಾನು ಸಾರು ಒಯ್ದರೆ ಬಟ್ಟಲನ್ನು ಮರಳಿನ ಮೇಲೆ ಕವುಚುತ್ತಿದ್ದಳು. ಇವಳೂ ಹೋಗುತ್ತಾಳೆ ಎಂದೇ ನಾವೆಲ್ಲ ಅಂದುಕೊಂಡಿದ್ದೆವು. ವಾರಗಳು ಕಳೆದ ಮೇಲೆ ಅವಳ ಗಂಡ ಹಸ್ಬಿ ಭಾವ ಪೇಟೆಯ ಆಸ್ಪತ್ರೆಯಿಂದ ಮೊಳೆ ಹೊಡೆದ ಪೆಟ್ಟಿಗೆ ತಂದರು. ನೀರಿನಲ್ಲಿ ಬಹಳ ದಿನ ಇದ್ದ ಹೆಣ, ಹೆಂಗಸರು ನೋಡಬಾರದು ಎಂದರು. ಹೂಳಿದೆವು. ಆ ಸಂಜೆ ನಜ್ಮಿಯೆ ಒಂದು ತುಂಡು ಜೋಳದ ರೊಟ್ಟಿ ತಿಂದಳು.

ನಾನೂ ಅವಳೂ ಹಾವು ಮುಂಗುಸಿ ಎಂದು ಊರೇ ನಗುತ್ತಿತ್ತು. ಸುಳ್ಳೇನಲ್ಲ. ಹೇಜಲ್ ಪೊದೆಯನ್ನು ನಾವು ಒಲೆ ಎನ್ನುತ್ತೇವೆ. ಕಾಂಡಗಳು ಸುತ್ತುಗಟ್ಟಿ ನಿಲ್ಲುತ್ತವೆ, ನಡು ಖಾಲಿ. ನಾನು ಒಲೆಗೆ ಎಂಟು ಕಾಂಡ ಬಿಡುವವಳು, ಅವಳು ಐದೇ ಬಿಟ್ಟು ಉಳಿದದ್ದನ್ನು ಸವರಿಹಾಕುವವಳು.

"ನಿನ್ನ ಒಲೆ ನೋಡಿದ್ರೆ ಊಟದ ಪಂಕ್ತೀಲಿ ನುಗ್ಗಾಡೋ ಜನ ಇದ್ದಂಗಿದೆ ಕಣೇ" ಎನ್ನುತ್ತಿದ್ದಳು.

"ನಿಂದು ಜಿಪುಣರ ಮನೆ ಮದುವೆ ಅಕ್ಕಾ, ಬಂದೋರೇ ಐದು ಜನ" ಎಂದು ನಾನೂ ಬಿಡುತ್ತಿರಲಿಲ್ಲ.

ಸೆದಾತನ ಗೋರಿಗೆಂದು ಅವಳು ತವರಿನ ಪೊದೆಗಳಿಂದ ಕಂದು ಕಿತ್ತು ತಂದಳು. ಬೇರಿನ ಮಣ್ಣು ಉದುರದ ಹಾಗೆ ಒದ್ದೆ ಗೋಣಿ ಸುತ್ತಿ, ಬೆನ್ನ ಬುಟ್ಟಿಯಲ್ಲಿ ಹೊತ್ತು, ಗುಡ್ಡ ಹತ್ತಿ ಬಂದಳು. ತಲೆಯ ಹತ್ತಿರ ಒಂದು, ಕಾಲ ಹತ್ತಿರ ಒಂದು, ಮಗ್ಗುಲಿಗೆ ಒಂದು, ಹೀಗೆ ಮೂರು ಒಲೆ ನೆಟ್ಟಳು. ವರ್ಷವರ್ಷವೂ ಬುಡದಲ್ಲಿ ಏಳುವ ಹೊಸ ಕಂದುಗಳನ್ನು ಮಣ್ಣು ಬಿಡಿಸಿ ಬೇರಿನಿಂದಲೇ ತೆಗೆಯುತ್ತಿದ್ದಳು. ಮೇಲೆ ಮೇಲೆ ಕತ್ತರಿಸಿದರೆ ಒಂದಿದ್ದದ್ದು ನಾಲ್ಕಾಗುತ್ತದೆ, ಅದು ಹೇಜಲಿನ ಹಟ. ಆಮೇಲೆ ಹಟ್ಟಿಗೊಬ್ಬರ, ಕೊಳೆತ ಎಲೆ. ಕಾಯಿ ಬಿಟ್ಟಾಗ ಒಂದನ್ನೂ ಮಾರಲಿಲ್ಲ. ಹುರಿದು ಬಂದವರ ಕೈಗೆಲ್ಲ ಇಟ್ಟು, "ತಿನ್ನಿ, ನಮ್ಮ ಹುಡುಗನ ಕಾಯಿ" ಎನ್ನುತ್ತಿದ್ದಳು. ಹಸ್ಬಿ ಭಾವ ಮಾತ್ರ ಆ ಮೂರು ಒಲೆಗಳ ಹತ್ತಿರ ಸುಳಿಯುತ್ತಿರಲಿಲ್ಲ. ನನಗೆ ರೇಗುತ್ತಿತ್ತು. "ಹೆತ್ತ ಮಗನ ತಲೆ ಹತ್ರ ಒಂದು ಗುದ್ದಲಿ ಹಾಕೋಕೆ ನಿಮ್ಮ ಕೈ ಸೆಟೆದು ಹೋಗಿದ್ಯಾ ಭಾವ" ಎಂದು ಒಮ್ಮೆ ಕೇಳಿಯೇಬಿಟ್ಟೆ. ಅವರು ಎದ್ದು ಕೊಟ್ಟಿಗೆಗೆ ಹೋದರು.

ಈಗ ಮಗನ ಸಮೇತ ಮೂರು ಒಲೆಗಳೂ ಕಾಮಿಲನ ಪಾಲಾಗಿದ್ದವು. ಕಾಮಿಲ ಕೆಟ್ಟವನಲ್ಲ. ನಮ್ಮ ಮಣ್ಣು ಅವನ ಕೊಟ್ಟಿಗೆಯನ್ನು ಹಸುಗಳ ಸಮೇತ ಮುಚ್ಚಿತ್ತು. ಮಾರನೇ ದಿನ ಬಂದು ಹೊಸಿಲಾಚೆಯೇ ನಿಂತ.

"ನಿಮ್ಮ ತೋಟ ನನ್ನ ಹಸುಗಳ್ನ ಕೊಂದಿದೆ ನಜ್ಮಿಯಕ್ಕ, ನಾನೇನಾದ್ರೂ ಬಾಯಿ ಬಿಟ್ನಾ? ಆದ್ರೆ ಹಳ್ಳ ಕಟ್ಕೊಂಡು ನೀರು ನಿಂತಿದೆ. ಮಣ್ಣು ತೆಗೆಯೋ ಯಂತ್ರ ತರಿಸ್ದೇ ಹೋದ್ರೆ ನನ್ನ ಮನೇನೂ ಹೋಗತ್ತೆ. ಶುಕ್ರವಾರದ ನಮಾಜು ಮುಗಿಯೋವರೆಗೂ ಕಾಯ್ತೀನಿ. ಅಷ್ಟರಲ್ಲಿ ಹುಡುಗನ್ನ ಕರ್ಕೊಂಡು ಬನ್ನಿ."

ಇಮಾಮರನ್ನು ಕೇಳಿದರೆ, ಭೂಮಿ ಅವನನ್ನು ಎಲ್ಲಿಗೆ ಒಯ್ದಿತೋ ಅದೇ ಅವನ ಗೋರಿ, ಕೆದಕಬೇಡಿ ಎಂದರು. ಹಸ್ಬಿ ಭಾವ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಇಮಾಮರೇ ಹೇಳಿದ ಮೇಲೆ ಮುಗೀತು. ಯಾರೂ ಕೆಳಗೆ ಹೋಗೋದು ಬೇಡ."

"ನನ್ನ ಮಗ ಯಂತ್ರದ ಬಾಯಿಗೆ ಸಿಗ್ಲಿ ಅಂತೀರಾ?" ಎಂದಳು ನಜ್ಮಿಯೆ. "ಅವನು ಮನೆ ಮುಂದೆ ಇರ್ಬೇಕು. ಸತ್ತಾಗ ನಾನೂ ಅವನ ಪಕ್ಕದಲ್ಲೇ ಇರ್ಬೇಕು. ಬೇರೇನಾದ್ರೂ ಕೇಳಿದೀನಾ ನಿಮ್ಮನ್ನ?"

ನಾನು ಸುಮ್ಮನಿರಲಾರದೆ ನಡುವೆ ಬಂದೆ. "ಭಾವ, ನಿಮ್ಮ ಎದೇಲಿರೋದು ಕರುಳಾ ಕಲ್ಲಾ?"

"ಗೊತ್ತಿಲ್ಲದ ವಿಷಯಕ್ಕೆ ಬಾಯಿ ಹಾಕ್ಬೇಡ ಸಬ್ರಿಯೆ" ಎಂದರು. ಚಪ್ಪಲಿಯನ್ನೂ ಮೆಟ್ಟದೆ ಹೊರಗೆ ಹೋದರು. ಸಿಟ್ಟಿಗೆ ಎಂದುಕೊಂಡೆ.

ಶುಕ್ರವಾರ ಬೆಳಿಗ್ಗೆ ನಾವಿಬ್ಬರೇ ಗುದ್ದಲಿ, ಬುಟ್ಟಿ, ಒಂದು ಬಿಳಿ ಬಟ್ಟೆ ತೆಗೆದುಕೊಂಡು ಇಳಿದೆವು. ಮೊಣಕಾಲವರೆಗೆ ಕೆಸರು. ಅಷ್ಟು ಪೊದೆಗಳ ನಡುವೆ ಅವಳ ಒಲೆಗಳನ್ನು ಹುಡುಕುವುದು ಕಷ್ಟವಾಗಲಿಲ್ಲ. ಐದೈದು ಕಾಂಡ, ಬುಡ ಬೋಳು, ಒಂದು ಕಂದೂ ಇಲ್ಲ. ಮೂರೂ ಒಂದಕ್ಕೊಂದು ಮೊದಲಿದ್ದ ದೂರದಲ್ಲೇ ಇದ್ದವು. ನಡುವಿನ ಮಣ್ಣು ಬಿರಿದೂ ಇರಲಿಲ್ಲ. ಕಾಮಿಲ ಗೊಣಗುತ್ತ ಬಂದು ತಾನೂ ಸನಿಕೆ ಹಿಡಿದ.

"ಅತ್ತೆ ಮಾವನ ಗೋರಿ ಕೆಸರಲ್ಲಿ ಕರಗಿ ಹೋಗಿದೆ, ಅವರ ಎಲುಬೂ ಇಲ್ಲೇ ಎಲ್ಲೋ ಬಂದಿರತ್ತೆ, ಗೊಂದಲ ಆಗ್ಬಾರ್ದು" ಎಂದಳು ನಜ್ಮಿಯೆ. "ನನ್ನ ಮಗನ ಬಲಗಾಲು ನೋಡಿ. ಮೊಣಕಾಲ ಕೆಳಗೆ ಲೋಹದ ಪಟ್ಟಿ ಇದೆ."

ಅದು ನಮಗೆಲ್ಲ ಗೊತ್ತಿದ್ದದ್ದೇ. ಹದಿನಾರನೇ ವಯಸ್ಸಿನಲ್ಲಿ ಕಾಯಿ ಕೊಯ್ಯುವಾಗ ಸೊಂಟದ ಹಗ್ಗ ಬಿಚ್ಚಿಕೊಂಡು ಇಳಿಜಾರಿನಲ್ಲಿ ಉರುಳಿದ್ದ. ಡಾಕ್ಟರು ಪಟ್ಟಿ ಇಟ್ಟು ತಿರುಪು ಹಾಕಿ ಕೂಡಿಸಿದ್ದರು.

ಬೇರುಗಳು ಗೋರಿಯೊಳಗೇ ಇಳಿದಿದ್ದವು. ಒಂದೊಂದನ್ನೂ ಕತ್ತರಿಸಿ ತೆಗೆಯಬೇಕಾಯಿತು. ಕೊಳೆತ ಹಲಗೆ ಸಿಕ್ಕಿತು. ಕಾಮಿಲ ಹಲಗೆ ಎತ್ತಿದ. ಅಷ್ಟರಲ್ಲಿ ಹಸ್ಬಿ ಭಾವ ಬರಿಗಾಲಲ್ಲಿ ಜಾರುತ್ತ ಏಳುತ್ತ ಇಳಿದು ಬಂದರು. "ಸಾಕು, ಮುಚ್ಚಿ" ಎಂದರು. ಯಾರೂ ಕೇಳಲಿಲ್ಲ.

"ಚಿಕ್ಕ ವಯಸ್ಸಿನವನೇ, ಹಲ್ಲೆಲ್ಲ ಇದೆ. ಇವನೇ ಅಕ್ಕ" ಎಂದು ಕಾಮಿಲ ಟೋಪಿ ತೆಗೆದ.

ನಜ್ಮಿಯೆ ಬಲಗಾಲಿನ ಎಲುಬನ್ನು ಎತ್ತಿ ಲಂಗದ ಅಂಚಿನಿಂದ ಒರೆಸಿದಳು. ತಿರುಗಿಸಿ ನೋಡಿದಳು. ಎಡಗಾಲಿನದನ್ನೂ ಒರೆಸಿದಳು. ಆಮೇಲೆ ಬೆರಳುಗಳಿಂದ ಸುತ್ತಲಿನ ಮಣ್ಣನ್ನೆಲ್ಲ ಜಾಲಾಡಿದಳು.

"ತುಕ್ಕು ಹಿಡಿದು ಮಣ್ಣಾಗಿರ್ಬೇಕು" ಎಂದ ಕಾಮಿಲ, ಮೆಲ್ಲಗೆ.

"ತುಕ್ಕು ಹಿಡಿಯೋದಲ್ಲ ಅಂದಿದ್ರು ಡಾಕ್ಟರು. ಹಿಡೀತು ಅಂತಾನೇ ಇಟ್ಕೋ. ತಿರುಪಿನ ತೂತು ಎಲ್ಲಿ ಹೋಗತ್ತೆ?"

ಎಲುಬು ನಯವಾಗಿತ್ತು. ಮುರಿದು ಕೂಡಿದ ಗುರುತೂ ಇರಲಿಲ್ಲ. ಅವಳು ತಲೆಯೆತ್ತಿ ಗಂಡನನ್ನು ನೋಡಿದಳು. ನಾನೂ ನೋಡಿದೆ. ಹಸ್ಬಿ ಭಾವ ಕೆಸರಿನಲ್ಲೇ ಕುಕ್ಕರಿಸಿದ್ದರು.

"ಯಾರಿದು?" ಎಂದಳು ನಜ್ಮಿಯೆ.

"ಗೊತ್ತಿಲ್ಲ."

"ನೀನೇ ತಂದದ್ದು."

"ಆಸ್ಪತ್ರೇಲಿತ್ತು. ಕೇಳ್ಕೊಂಡು ಯಾರೂ ಬಂದಿರ್ಲಿಲ್ಲ. ನೀನು ದಂಡೆ ಮೇಲೆ ಸಾಯ್ತಾ ಇದ್ದೆ. ನಮ್ಮವನೇ ಅಂದೆ."

"ಕಾಲು ನೋಡಿದ್ಯಾ?"

"ನೋಡಿದೆ."

ಅವರ ಕಪಾಳಕ್ಕೆ ಬಾರಿಸಬೇಕು ಅನಿಸಿತು ನನಗೆ. ಭಾವ ಎಂಬುದನ್ನೂ ಮರೆತು ಎರಡು ಹೆಜ್ಜೆ ಮುಂದಕ್ಕೂ ಹೋದೆ. ಅವರು ಹಾಗೆ ಮಾಡದಿದ್ದರೆ ಆ ಚಳಿಗಾಲದಲ್ಲೇ ನಜ್ಮಿಯೆಯನ್ನೂ ಹೂಳುತ್ತಿದ್ದೆವು ಎಂಬುದು ಆಗ ತಲೆಗೆ ಬಂತು. ಅದು ನಿಜ. ನಿಜವಾದ್ದರಿಂದ ಸಿಟ್ಟು ಇನ್ನೂ ಹೆಚ್ಚಾಯಿತು, ತೀರಿಸಿಕೊಳ್ಳಲು ಜಾಗವಿಲ್ಲದೆ ನನ್ನೊಳಗೇ ಕುದಿಯಿತು.

"ಆರು ವರ್ಷ ನಾನು ಸಮುದ್ರದ ಕಡೆ ತಿರುಗಿ ನೋಡ್ಲಿಲ್ಲ" ಎಂದಳು ನಜ್ಮಿಯೆ. ಅಳಲಿಲ್ಲ. "ನನ್ನ ಮಗ ಯಾವ್ದೋ ದಂಡೆಗೆ ಬಂದು ಬಿದ್ದಿರ್ಬೋದು. ಅಮ್ಮ ಬರ್ಲಿಲ್ಲ ಅಂತ ಕಾಯ್ತಾ ಇದ್ದಿರ್ಬೋದು. ನಾನಿಲ್ಲಿ ಗೊಬ್ಬರ ಹಾಕ್ತಾ ಇದ್ದೆ."

ಎಲುಬುಗಳನ್ನು ಅವಳೇ ಬಟ್ಟೆಯಲ್ಲಿ ಸುತ್ತಿದಳು. ಬೇರೆ ಯಾರಿಗೂ ಹೊರಲು ಕೊಡಲಿಲ್ಲ. ಮನೆಯ ಹಿಂದೆ, ಕುಸಿಯದ ಗಟ್ಟಿ ನೆಲದಲ್ಲಿ ಕಾಮಿಲ ಗುಂಡಿ ತೋಡಿದ. ಮಣ್ಣು ಮುಚ್ಚಿದ ಮೇಲೆ ಇಮಾಮರು ಸತ್ತವನನ್ನು ಅವನ ಹೆಸರು, ಅವನ ತಾಯಿಯ ಹೆಸರು ಹಿಡಿದು ಕೂಗಬೇಕು. ದೇವದೂತರು ಬಂದು ಪ್ರಶ್ನೆ ಕೇಳಿದಾಗ ಇಂಥ ಉತ್ತರ ಕೊಡು ಎಂದು ನೆನಪಿಸಬೇಕು. ಇಮಾಮರು ಬಾಯಿ ತೆರೆದು ನಿಂತರು. ಆರು ವರ್ಷದ ಹಿಂದೆ ನಜ್ಮಿಯೆಯ ಮಗ ಸೆದಾತನೇ ಎಂದು ಕೂಗಿದ್ದವರು ಅವರೇ.

"ತನ್ನದಲ್ಲದ ಹೆಸರಿಗೆ ಪಾಪ ಅವನೇನು ಉತ್ತರ ಕೊಟ್ನೋ" ಎಂದು ಗೊಣಗಿದರು. ಆಮೇಲೆ ಗಟ್ಟಿಯಾಗಿ, "ತಾಯಿ ಯಾರು ಅಂತ ಗೊತ್ತಿಲ್ಲದಿದ್ರೆ ಆದಿತಾಯಿ ಹವ್ವಾಳ ಮಗನೇ ಅನ್ಬೋದು. ನಾವೆಲ್ಲ ಅವಳ ಮಕ್ಕಳೇ ತಾನೆ" ಎಂದರು.

"ಬೇಡ" ಎಂದಳು ನಜ್ಮಿಯೆ. "ನಜ್ಮಿಯೆಯ ಮಗನೇ ಅನ್ನಿ."

"ಹೆಸರು?"

"ಹೆಸರು ಬೇಡ. ಆ ಹೆಸರಿನವನು ಇನ್ನೂ ಮನೆಗೆ ಬಂದಿಲ್ಲ."

ಅಂದಿನಿಂದ ಅವಳು ಹಸ್ಬಿ ಭಾವನ ಜೊತೆ ಮಾತು ಬಿಟ್ಟಳು. ಅನ್ನ ಹಾಕುತ್ತಿದ್ದಳು, ಬಟ್ಟೆ ಒಗೆಯುತ್ತಿದ್ದಳು, ಅಷ್ಟೆ. ವಾರಕ್ಕೊಮ್ಮೆ ಬಸ್ಸು ಹತ್ತಿ ದಂಡೆಯ ಊರುಗಳಿಗೆ ಹೋಗುತ್ತಿದ್ದಳು. ಆ ಚಳಿಗಾಲದಲ್ಲಿ ನಿಮ್ಮ ಕಡೆ ಗುರುತಿಲ್ಲದ ಹೆಣ ಬಂದಿತ್ತೇ, ಯಾರ ತೋಟದಲ್ಲಿ ಹೂತಿರಿ, ಬಲಗಾಲಲ್ಲಿ ಪಟ್ಟಿ ಇತ್ತೇ ಎಂದು ಮನೆಮನೆಗೂ ಕೇಳುತ್ತಿದ್ದಳು. ಕೆಲವರು ಚಹಾ ಕೊಟ್ಟರು, ಕೆಲವರು ತಲೆ ಕೆಟ್ಟವಳು ಎಂದು ಬಾಗಿಲು ಹಾಕಿದರು. ನಾನೂ ಎಷ್ಟೋ ಸಲ ಜೊತೆಗೆ ಹೋದೆ.

ಬೇಸಿಗೆಯ ಕೊನೆಯಲ್ಲಿ ಒಬ್ಬಳೇ ಹೋಗಿದ್ದವಳು ಬಹಳ ಬೇಗ ತಿರುಗಿ ಬಂದಳು. ಮೆಟ್ಟಿಲ ಮೇಲೆ ನನ್ನ ಪಕ್ಕ ಕೂತಳು. ಹಳೆ ಬಂದರಿನ ಹತ್ತಿರ ಒಬ್ಬ ಹೆಂಗಸು ಸಿಕ್ಕಳಂತೆ. ಅವಳ ಮಗನೂ ಅದೇ ದೋಣಿಯವನು. ಹೆಣ ಸಿಕ್ಕಿತು, ಗಂಡ ಪೆಟ್ಟಿಗೆಯಲ್ಲಿ ತಂದ, ತನಗೆ ಮುಖ ನೋಡಲು ಬಿಡಲಿಲ್ಲ ಎಂದಳಂತೆ. ಮನೆ ಮುಂದೆಯೇ ಗೋರಿ, ಸುತ್ತ ಹೇಜಲ್.

ನಾನು ಅವಳ ತೋಳು ಹಿಡಿದೆ. "ಅಗೆದು ನೋಡೋಣ ಅಂದ್ಯಾ?"

"ಇಲ್ಲ."

"ಅಯ್ಯೋ ಅಕ್ಕ, ಆ ಪೆಟ್ಟಿಗೇಲಿರೋದು ನಮ್ಮ ಸೆದಾತನೇ ಆಗಿದ್ರೆ? ಯಾಕೆ ಕೇಳ್ಲಿಲ್ಲ?"

"ಹೊಸ ಕಾಯಿ ಹುರಿದು ತಂದು ಕೈಗಿಟ್ಲು ಕಣೇ" ಎಂದಳು ನಜ್ಮಿಯೆ. "ತಿನ್ನಿ, ನಮ್ಮ ಹುಡುಗನ ಕಾಯಿ ಅಂದ್ಲು. ನಗ್ತಾ ಇದ್ಲು. ಅವಳನ್ನ ಏನಂತ ಕೇಳ್ಲಿ."

ಆಮೇಲೆ ಅವಳು ದಂಡೆಗೆ ಹೋಗಲಿಲ್ಲ.